ವಿಶ್ವಕೋಶದ ಚಿತ್ರ ಮತ್ತು ಅದರ ಒಡೆತನ



ಕರ್ನಾಟಕದ ಹೊರಗಿನ ನಗರಗಳಲ್ಲಿರುವ ಕನ್ನಡ ಸಂಘಗಳ ಸಭಾಂಗಣಗಳಲ್ಲಿ ಸಾಮಾನ್ಯವಾಗಿ ಒಂದು ಗೋಡೆ ಛಾಯಾಚಿತ್ರಗಳಿಗೆ ಮೀಸಲಾಗಿರುತ್ತದೆ. ನಾಡಹಬ್ಬಕ್ಕೆ ಬಂದು ಹೋದ ಕವಿಗಳು, ರಾಜ್ಯೋತ್ಸವವನ್ನು ಉದ್ಘಾಟಿಸಿದ ಕಾದಂಬರಿಕಾರರು, ನಾಟಕ ತಂಡದೊಡನೆ ಬಂದ ಕಲಾವಿದರು ಅಲ್ಲಿ ಚೌಕಟ್ಟುಗಳೊಳಗೆ ನಿಂತಿರುತ್ತಾರೆ. ಅವುಗಳಲ್ಲಿ ಕೆಲವು ಚಿತ್ರಗಳು ಬೇರೆಲ್ಲಿಯೂ ದೊರೆಯಲಾರವು. ಇತ್ತ ಕನ್ನಡ ವಿಕಿಪೀಡಿಯದಲ್ಲಿ ಲೇಖಕರೊಬ್ಬರ ಪುಟವನ್ನು ತೆರೆದಾಗ ಚಿತ್ರವಿರಬೇಕಾದ ಸ್ಥಳ ಬರಿದಾಗಿರುವುದು ಅಪರೂಪವೇನಲ್ಲ. ಇದನ್ನು ಕಂಡ ಸಂಘದ ಉತ್ಸಾಹಿ ಸದಸ್ಯರೊಬ್ಬರು ಗೋಡೆಯ ಚಿತ್ರವನ್ನು ಮೊಬೈಲಿನಲ್ಲಿ ಸೆರೆಹಿಡಿದು ಅಂತರಜಾಲಕ್ಕೆ ಏರಿಸುತ್ತಾರೆ. ‘ಸ್ವಂತ ಕೃತಿ’ ಎಂದು ಘೋಷಿಸಿ ಮುಂದುವರಿಯುತ್ತಾರೆ. ಕೆಲವು ದಿನಗಳ ಬಳಿಕ ಆ ಚಿತ್ರ ಅಲ್ಲಿರುವುದಿಲ್ಲ. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸಕ್ಕೆ ಇಂಥ ಫಲವೇ ಎಂದು ಬೇಸರಗೊಂಡು ಅವರು ಆ ಕಡೆ ಮತ್ತೆ ತಿರುಗಿ ನೋಡುವುದಿಲ್ಲ. ಇದರಿಂದ ನಷ್ಟವಾಗುವುದು ಕನ್ನಡ ಓದುಗನಿಗೆ.

ವಿಕಿಪೀಡಿಯ ಆರಂಭವಾದದ್ದು 2001ರ ಜನವರಿ 15ರಂದು. ಕನ್ನಡದ ಆವೃತ್ತಿ 2003ರಲ್ಲಿ ಮೊದಲಾಯಿತು. ಎಲ್ಲ ಭಾಷೆಗಳ ಆವೃತ್ತಿಗಳಿಗೂ ಬೇಕಾದ ಚಿತ್ರಗಳನ್ನು ಒಂದೆಡೆ ಇರಿಸುವ ಭಂಡಾರವಾಗಿ ‘ವಿಕಿಮೀಡಿಯ ಕಾಮನ್ಸ್’ 2004ರ ಸೆಪ್ಟೆಂಬರಿನಲ್ಲಿ ರೂಪುಗೊಂಡಿತು. ಇಲ್ಲಿ ಬರೆಯುವವರು, ತಿದ್ದುವವರು, ಚಿತ್ರಗಳ ದಾಖಲೆಯನ್ನು ಪರಿಶೀಲಿಸುವವರು ಎಲ್ಲರೂ ಬಹುಮಟ್ಟಿಗೆ ಸ್ವಯಂಸೇವಕರೇ. ಲೇಖನದಲ್ಲಿ ದೋಷವಿದ್ದರೆ ಇನ್ನೊಬ್ಬರು ಅದನ್ನು ತಿದ್ದಬಹುದು. ಚಿತ್ರದ ಒಡೆತನದಲ್ಲಿಯೇ ದೋಷವಿದ್ದರೆ ಅದನ್ನು ತೆಗೆದುಹಾಕುವುದನ್ನು ಬಿಟ್ಟು ಪರಿಶೀಲಕರಿಗೆ ಬೇರೆ ದಾರಿಯಿರುವುದಿಲ್ಲ.

ಹಾಗಾದರೆ ಗೋಡೆಯ ಮೇಲಿನ ಚಿತ್ರ ಯಾರದು? ಈ ಪ್ರಶ್ನೆಗೆ ಉತ್ತರ ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದಲ್ಲಿದೆ. ಅದು 1958ರ ಜನವರಿ 21ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಛಾಯಾಚಿತ್ರದ ಕರ್ತೃ ಎಂದರೆ ಅದನ್ನು ತೆಗೆದ ವ್ಯಕ್ತಿ. ಚಿತ್ರದಲ್ಲಿ ಕುಳಿತವರಾಗಲಿ, ಅದರ ಪ್ರತಿಯನ್ನು ಕಟ್ಟು ಹಾಕಿಸಿ ಇಟ್ಟುಕೊಂಡವರಾಗಲಿ ಕರ್ತೃಗಳಲ್ಲ. ಪುಸ್ತಕವನ್ನು ಕೊಂಡವರಿಗೆ ಅದನ್ನು ಮರುಮುದ್ರಿಸುವ ಅಧಿಕಾರ ಹೇಗೆ ಬರುವುದಿಲ್ಲವೋ ಚಿತ್ರದ ವಿಷಯವೂ ಹಾಗೆಯೇ. ಈ ಹಕ್ಕಿಗೆ ನೋಂದಣಿ ಅಗತ್ಯವಿಲ್ಲ. ಚಿತ್ರದ ಮೂಲೆಯಲ್ಲಿ ಯಾವ ಚಿಹ್ನೆಯೂ ಇರಬೇಕಾಗಿಲ್ಲ. ಹಳೆಯ ಚಿತ್ರವನ್ನು ಮೊಬೈಲಿನಿಂದ ಇದ್ದಂತೆಯೇ ಮತ್ತೆ ತೆಗೆದ ಮಾತ್ರಕ್ಕೆ ಮೂಲದವರ ಹಕ್ಕು ಅಳಿಸಿಹೋಗುವುದಿಲ್ಲ.

ಆದರೆ ತೆಗೆದವರೇ ಎಲ್ಲ ಸಂದರ್ಭಗಳಲ್ಲಿಯೂ ಒಡೆಯರಲ್ಲ ಎಂಬುದು ಸಂಘಸಂಸ್ಥೆಗಳು ಅವಶ್ಯವಾಗಿ ತಿಳಿಯಬೇಕಾದ ಅಂಶ. ಅಧಿನಿಯಮದ 17ನೆಯ ಪ್ರಕರಣದಂತೆ, ಹಣ ಅಥವಾ ತತ್ಸಮಾನ ಪ್ರತಿಫಲವನ್ನು ಕೊಟ್ಟು ಒಬ್ಬರು ಚಿತ್ರ ತೆಗೆಸಿದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ತೆಗೆಸಿದವರೇ ಕೃತಿಸ್ವಾಮ್ಯದ ಮೊದಲ ಒಡೆಯರು. ಸಂಘವು ಸ್ಟುಡಿಯೋದವರನ್ನು ಕರೆಸಿ, ಹಣ ತೆತ್ತು ಸಮಾರಂಭದ ಚಿತ್ರಗಳನ್ನು ತೆಗೆಸಿದ್ದರೆ ಅವುಗಳ ಹಕ್ಕು ಬಹುಪಾಲು ಸಂಘದ್ದೇ. ಹಳೆಯ ಲೆಕ್ಕಪುಸ್ತಕದಲ್ಲಿ ‘ಫೋಟೋ ಖರ್ಚು’ ಎಂದು ಬರೆದಿಟ್ಟ ಒಂದು ಸಾಲು, ಅಂಟಿಸಿಟ್ಟ ಒಂದು ರಸೀತಿ ಇಲ್ಲಿ ದಾಖಲೆಯಾಗಬಲ್ಲದು. ಹಾಗಲ್ಲದೆ, ಸದಸ್ಯರೊಬ್ಬರು ಅಭಿಮಾನದಿಂದ ತಮ್ಮ ಕ್ಯಾಮರಾದಲ್ಲಿ ತೆಗೆದು ಒಂದು ಪ್ರತಿಯನ್ನು ಸಂಘಕ್ಕೆ ಕಾಣಿಕೆಯಾಗಿ ಕೊಟ್ಟಿದ್ದರೆ ಸಂಘಕ್ಕೆ ದೊರೆತದ್ದು ಕಾಗದ ಮಾತ್ರ. ಹಕ್ಕು ಆ ಸದಸ್ಯರದು, ಅವರ ತರುವಾಯ ಅವರ ವಾರಸುದಾರರದು. ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಚಿತ್ರವಾದರೆ ಸಂಘಕ್ಕೆ ಯಾವ ಹಕ್ಕೂ ಇಲ್ಲ. ಪತ್ರಿಕೆಯ ಉದ್ಯೋಗಿಯಾದ ಛಾಯಾಗ್ರಾಹಕರು ಪತ್ರಿಕೆಗಾಗಿ ತೆಗೆದ ಚಿತ್ರದಲ್ಲಿ, ಪತ್ರಿಕಾ ಪ್ರಕಟಣೆಗೆ ಸಂಬಂಧಿಸಿದಷ್ಟು ಹಕ್ಕು ಪತ್ರಿಕೆಯ ಮಾಲೀಕರದು. ಉಳಿದ ವಿಷಯಗಳಲ್ಲಿ ಅದು ಛಾಯಾಗ್ರಾಹಕರದು. ಒಂದೇ ಗೋಡೆಯ ಮೇಲೆ ಅಕ್ಕಪಕ್ಕ ತೂಗುವ ಮೂರು ಚಿತ್ರಗಳಿಗೆ ಹೀಗೆ ಮೂವರು ಒಡೆಯರಿರಬಹುದು.

ತೆಗೆದವರು ಯಾರು ಎಂಬ ಪ್ರಶ್ನೆ ಒಮ್ಮೆ ವಿಚಿತ್ರ ರೂಪವನ್ನು ತಾಳಿತು. ಇಂಡೊನೇಷ್ಯದ ಸುಲವೇಸಿ ದ್ವೀಪದಲ್ಲಿ ಬ್ರಿಟಿಷ್ ಛಾಯಾಗ್ರಾಹಕ ಡೇವಿಡ್ ಸ್ಲೇಟರ್ ಅವರ ಕ್ಯಾಮರಾದ ಗುಂಡಿಯನ್ನು ಕೋತಿಯೊಂದು ಒತ್ತಿತು. ಹಲ್ಲು ಕಿರಿದ ಆ ಮುಖ 2011ರಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಗಿ ಜಗತ್ಪ್ರಸಿದ್ಧವಾಯಿತು. ಕರ್ತೃ ಮನುಷ್ಯನಲ್ಲದ ಕಾರಣ ಇದಕ್ಕೆ ಕೃತಿಸ್ವಾಮ್ಯವೇ ಇಲ್ಲವೆಂಬ ನೆಲೆಯಲ್ಲಿ ಚಿತ್ರವನ್ನು ಕಾಮನ್ಸ್ ಭಂಡಾರಕ್ಕೆ ಸೇರಿಸಲಾಯಿತು. ಸ್ಥಳವನ್ನು ಹುಡುಕಿ, ಕ್ಯಾಮರಾವನ್ನು ಸಜ್ಜುಗೊಳಿಸಿದವರು ತಾವೆಂಬುದು ಸ್ಲೇಟರ್ ಅವರ ವಾದ. ಅವರು ಕೇಳಿಕೊಂಡರೂ ವಿಕಿಮೀಡಿಯ ಪ್ರತಿಷ್ಠಾನ ಚಿತ್ರವನ್ನು ತೆಗೆಯಲೊಪ್ಪಲಿಲ್ಲ. ಪ್ರಾಣಿ ತೆಗೆದ ಚಿತ್ರವನ್ನು ನೋಂದಾಯಿಸಲಾಗದೆಂದು ಅಮೆರಿಕದ ಕೃತಿಸ್ವಾಮ್ಯ ಕಚೇರಿ 2014ರಲ್ಲಿ ಸ್ಪಷ್ಟಪಡಿಸಿತು. 2015ರಲ್ಲಿ ಪ್ರಾಣಿದಯಾ ಸಂಸ್ಥೆಯೊಂದು ಕೋತಿಯ ಹೆಸರಿನಲ್ಲಿಯೇ ದಾವೆ ಹೂಡಿತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ದಾವೆಯನ್ನು ಒಪ್ಪಲಿಲ್ಲ. ಕೋತಿಗೆ ದಾವೆ ಹೂಡುವ ಹಕ್ಕಿಲ್ಲವೆಂದು ತೀರ್ಮಾನವಾಯಿತೇ ಹೊರತು ಸ್ಲೇಟರ್ ಅವರಿಗೆ ಹಕ್ಕಿದೆಯೋ ಇಲ್ಲವೋ ಎಂಬುದನ್ನು ಆ ತೀರ್ಪು ಹೇಳಲಿಲ್ಲ. ನಗೆ ತರಿಸುವ ಪ್ರಸಂಗವಾದರೂ ಕ್ಯಾಮರಾ ಹೊತ್ತು ಕಾಡು ಅಲೆದವನ ಪಾಲಿಗೆ ಅದು ನಗೆಯ ವಿಷಯವಾಗಿರಲಿಲ್ಲ.

ಹಕ್ಕಿನ ಅವಧಿಯ ಬಗೆಗೂ ತಪ್ಪು ತಿಳಿವಳಿಕೆಯಿದೆ. ಹಳೆಯ ಚಿತ್ರ ಎಂದೊಡನೆ ಅದು ಎಲ್ಲರ ಸ್ವತ್ತಾಗುವುದಿಲ್ಲ. ಹಿಂದೆ ಭಾರತದಲ್ಲಿ ಛಾಯಾಚಿತ್ರದ ಹಕ್ಕು ಪ್ರಕಟಣೆಯಿಂದ 60 ವರ್ಷಗಳವರೆಗೆ ಉಳಿಯುತ್ತಿತ್ತು. 2012ರ ತಿದ್ದುಪಡಿಯ ನಂತರ ಅದು ಛಾಯಾಗ್ರಾಹಕರ ಜೀವಿತಾವಧಿ ಹಾಗೂ ಅವರ ಮರಣಾನಂತರದ 60 ವರ್ಷಗಳಿಗೆ ವಿಸ್ತರಿಸಿದೆ. 1951ರವರೆಗೆ ಪ್ರಕಟವಾಗಿದ್ದ ಚಿತ್ರಗಳ ಅವಧಿ ಈ ತಿದ್ದುಪಡಿಗೆ ಮುನ್ನವೇ ತೀರಿತ್ತು. ಆದರೂ ಒಂದು ತೊಡಕು ಉಳಿಯುತ್ತದೆ. ಕಾಮನ್ಸ್ ಅಮೆರಿಕದ ಸಂಸ್ಥೆಯೊಂದರ ಆಶ್ರಯದಲ್ಲಿರುವುದರಿಂದ ಚಿತ್ರವು ಮೂಲ ದೇಶದಲ್ಲಿಯೂ ಅಮೆರಿಕದಲ್ಲಿಯೂ ಮುಕ್ತವಾಗಿರಬೇಕೆಂಬುದು ಅಲ್ಲಿನ ನಿಯಮ. ಇಲ್ಲಿ ಅವಧಿ ಮುಗಿದ ಚಿತ್ರಕ್ಕೆ ಅಲ್ಲಿ ಇನ್ನೂ ಅವಧಿ ಉಳಿದಿರುವುದುಂಟು.

ಇನ್ನು ಪರವಾನಗಿಯ ವಿಷಯ. ಒಡೆಯರು ತಮ್ಮ ಹಕ್ಕನ್ನು ಬಿಟ್ಟುಕೊಡದೆ, ಕೆಲವು ಷರತ್ತುಗಳ ಮೇಲೆ ಎಲ್ಲರಿಗೂ ಬಳಕೆಯ ಅನುಮತಿಯನ್ನು ನೀಡುವುದಕ್ಕೆ ‘ಕ್ರಿಯೇಟಿವ್ ಕಾಮನ್ಸ್’ ಎಂಬ ಸಂಸ್ಥೆ 2002ರ ಡಿಸೆಂಬರಿನಲ್ಲಿ ಸಿದ್ಧ ಪರವಾನಗಿಗಳನ್ನು ಹೊರತಂದಿತು. ಕರ್ತೃವಿನ ಹೆಸರು ಹೇಳಬೇಕು ಎಂಬುದು ಒಂದು ಷರತ್ತು. ಬದಲಾಯಿಸಿ ಹಂಚುವವರು ತಮ್ಮದನ್ನೂ ಅದೇ ಪರವಾನಗಿಯಲ್ಲಿ ಹಂಚಬೇಕು ಎಂಬುದು ಇನ್ನೊಂದು. ಈ ಎರಡನ್ನೂ ಕಾಮನ್ಸ್ ಒಪ್ಪುತ್ತದೆ. ವಾಣಿಜ್ಯ ಬಳಕೆ ಕೂಡದು, ಮಾರ್ಪಾಡು ಕೂಡದು ಎಂಬ ಷರತ್ತುಗಳನ್ನು ಒಪ್ಪುವುದಿಲ್ಲ. ವಿಶ್ವಕೋಶದ ಸಾಮಗ್ರಿಯನ್ನು ಪಠ್ಯಪುಸ್ತಕದ ಪ್ರಕಾಶಕರು ಮುದ್ರಿಸಿ ಮಾರಬಹುದು, ಪತ್ರಿಕೆಗಳು ಬಳಸಬಹುದು, ಇನ್ನೊಬ್ಬರು ನಕ್ಷೆಗೆ ಕನ್ನಡದ ಹೆಸರುಗಳನ್ನು ಸೇರಿಸಬಹುದು ಎಂಬುದೇ ಅದರ ಮೂಲ ಉದ್ದೇಶವಾಗಿರುವುದು ಇದಕ್ಕೆ ಕಾರಣ.

ಅನೇಕ ಪ್ರಯತ್ನಗಳು ಎಡವುವುದು ಈ ಹಂತದಲ್ಲಿಯೇ. ಲೇಖಕರ ಮನೆಯವರನ್ನು ಕಂಡು, ವಿನಂತಿಸಿ ಪತ್ರವೊಂದನ್ನು ಪಡೆಯಲಾಗುತ್ತದೆ. ‘ಈ ಚಿತ್ರವನ್ನು ವಿಕಿಪೀಡಿಯದಲ್ಲಿ ಬಳಸಲು ನಮ್ಮ ಒಪ್ಪಿಗೆಯಿದೆ’ ಎಂದು ಅದರಲ್ಲಿ ಬರೆದಿರುತ್ತದೆ. ಆ ಪತ್ರ ಎಷ್ಟು ಸದುದ್ದೇಶದ್ದಾದರೂ ಸಾಲದು. ಮೊದಲನೆಯದಾಗಿ, ಮನೆಯವರು ಚಿತ್ರದ ಒಡೆಯರೇ ಎಂಬುದು ಸ್ಪಷ್ಟವಾಗಬೇಕು. ಎರಡನೆಯದಾಗಿ, ಒಪ್ಪಿಗೆ ಒಂದು ತಾಣಕ್ಕೆ ಸೀಮಿತವಾಗಿರದೆ ಪರವಾನಗಿಯ ಪೂರ್ಣ ಹೆಸರನ್ನೂ ಆವೃತ್ತಿಯ ಸಂಖ್ಯೆಯನ್ನೂ ಹೇಳಬೇಕು. ಬಾಯಿಮಾತಿನ ಒಪ್ಪಿಗೆಗೆ ಇಲ್ಲಿ ಎಡೆಯಿಲ್ಲ. ಭಾರತದ ಕಾನೂನು ಕೂಡ ಪರವಾನಗಿ ಲಿಖಿತವಾಗಿರಬೇಕೆನ್ನುತ್ತದೆ. ಪತ್ರವನ್ನು ಒಡೆಯರೇ ಇಮೇಲ್ ಮೂಲಕ ಪರಿಶೀಲನಾ ತಂಡಕ್ಕೆ ಕಳುಹಿಸುವುದು ರೂಢಿ. ಸಂಘದ ಪರವಾಗಿ ಬರೆಯುವವರು ಹಾಗೆ ಬರೆಯಲು ಅಧಿಕಾರವುಳ್ಳ ಪದಾಧಿಕಾರಿಗಳಾಗಿರಬೇಕು.

ಕೊಡುವವರಿಗೂ ಒಂದು ಮಾತನ್ನು ಮರೆಮಾಚದೆ ತಿಳಿಸುವುದು ನ್ಯಾಯ. ಒಮ್ಮೆ ಕೊಟ್ಟ ಈ ಪರವಾನಗಿಯನ್ನು ಹಿಂತೆಗೆದುಕೊಳ್ಳಲು ಬರುವುದಿಲ್ಲ. ನಾಳೆ ಯಾವುದೋ ಕಂಪನಿ ಆ ಚಿತ್ರವನ್ನು ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿ ಮಾರಿದರೂ, ಹೆಸರು ಹೇಳಿ ಷರತ್ತುಗಳನ್ನು ಪಾಲಿಸಿದ್ದರೆ, ಕೃತಿಸ್ವಾಮ್ಯದ ಹೆಸರಿನಲ್ಲಿ ಅದನ್ನು ತಡೆಯಲಾಗದು. ಛಾಯಾಗ್ರಹಣವೇ ಜೀವನೋಪಾಯವಾಗಿರುವವರು ಈ ಕಾರಣಕ್ಕೆ ಹಿಂಜರಿದರೆ ಅವರನ್ನು ಆಕ್ಷೇಪಿಸುವಂತಿಲ್ಲ. ತಮ್ಮ ಸಂಗ್ರಹದಿಂದ ಒಂದೆರಡು ಚಿತ್ರಗಳನ್ನು ಆರಿಸಿ ಕೊಟ್ಟು ಉಳಿದವನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲು ಅವರಿಗೆ ಯಾವ ಅಡ್ಡಿಯೂ ಇಲ್ಲ. ಇದನ್ನೆಲ್ಲ ಅರಿತೇ ಕೊಟ್ಟವರೂ ಇದ್ದಾರೆ. ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಇಂಥದೇ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಅದೇ ವರ್ಷ ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಕುಟುಂಬದವರು ಹೀಗೆಯೇ ಮುಕ್ತಗೊಳಿಸಿದರು.

ತೆಗೆದುಕೊಳ್ಳುವವರ ಹೊಣೆ ಇದಕ್ಕಿಂತ ಹಗುರವಾದದ್ದಲ್ಲ. ಸ್ಮರಣ ಸಂಚಿಕೆಗಳಲ್ಲಿ ‘ಚಿತ್ರ ಕೃಪೆ: ಅಂತರಜಾಲ’ ಎಂಬ ಸಾಲನ್ನು ಕಾಣುತ್ತೇವೆ. ಅಂತರಜಾಲ ಯಾವ ಚಿತ್ರವನ್ನೂ ತೆಗೆದಿಲ್ಲ. ಛಾಯಾಗ್ರಾಹಕರ ಹೆಸರು, ಪರವಾನಗಿಯ ಹೆಸರು, ಮಾರ್ಪಾಡು ಮಾಡಿದ್ದರೆ ಆ ಸಂಗತಿ, ಇಷ್ಟನ್ನು ಚಿತ್ರದ ಕೆಳಗೋ ಸಂಚಿಕೆಯ ಕೊನೆಗೋ ನಮೂದಿಸುವುದು ಅವಶ್ಯ. ಹೀಗೆ ಮಾಡದಿದ್ದರೆ ಪರವಾನಗಿ ತಾನಾಗಿಯೇ ರದ್ದಾಗುತ್ತದೆ. 2013ರಲ್ಲಿ ಬಂದ 4.0 ಆವೃತ್ತಿಯಲ್ಲಿ, ತಪ್ಪು ಗಮನಕ್ಕೆ ಬಂದ 30 ದಿನಗಳೊಳಗೆ ಸರಿಪಡಿಸಿದವರಿಗೆ ಪರವಾನಗಿ ಮರಳಿ ದೊರೆಯುವ ಅವಕಾಶವಿದೆ.

ಕಟ್ಟಡಗಳ ವಿಷಯದಲ್ಲಿ ಭಾರತದ ಕಾನೂನು ಉದಾರವಾಗಿದೆ. ಹೊಸ ಕಟ್ಟಡದ ಚಿತ್ರವನ್ನಾಗಲಿ, ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ಪ್ರತಿಷ್ಠಾಪಿಸಿದ ಪ್ರತಿಮೆಯ ಚಿತ್ರವನ್ನಾಗಲಿ ತೆಗೆದು ಪ್ರಕಟಿಸುವುದು ಉಲ್ಲಂಘನೆಯಲ್ಲವೆಂದು 52ನೆಯ ಪ್ರಕರಣ ಹೇಳುತ್ತದೆ. ಗೋಡೆಯ ಮೇಲೆ ಬರೆದ ವರ್ಣಚಿತ್ರಕ್ಕೆ ಈ ರಿಯಾಯಿತಿ ಅನ್ವಯಿಸುವುದಿಲ್ಲ. ಸರ್ಕಾರದ ಚಿತ್ರವೆಂದರೆ ಸಾರ್ವಜನಿಕರ ಚಿತ್ರವೆಂಬ ಭಾವನೆಯೂ ಸರಿಯಲ್ಲ. ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಕರ್ತವ್ಯದಲ್ಲಿ ತೆಗೆದ ಚಿತ್ರಗಳಿಗೆ ಆ ದೇಶದಲ್ಲಿ ಕೃತಿಸ್ವಾಮ್ಯವಿಲ್ಲ. ಭಾರತದಲ್ಲಿ ಸರ್ಕಾರಿ ಕೃತಿಗೆ ಪ್ರಕಟಣೆಯಿಂದ 60 ವರ್ಷಗಳ ರಕ್ಷಣೆಯಿದೆ. ಆದುದರಿಂದ ಆಯಾ ಇಲಾಖೆಯ ತಾಣದಲ್ಲಿ ಪ್ರಕಟಿಸಿರುವ ಷರತ್ತುಗಳನ್ನು ಓದಿಯೇ ಮುಂದುವರಿಯಬೇಕು.

ಮತ್ತೆ ಸಂಘದ ಗೋಡೆಗೆ ಬಂದರೆ, ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿ ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಡುವುದು ಒಳ್ಳೆಯದು. ಸ್ಟುಡಿಯೋದ ಮೊಹರು, ದಿನಾಂಕ, ಪೆನ್ಸಿಲಿನಲ್ಲಿ ಬರೆದ ಹೆಸರು ಬಹುಮಟ್ಟಿಗೆ ಅಲ್ಲಿಯೇ ಇರುತ್ತವೆ. ಏನೂ ಬರೆದಿಲ್ಲವಾದರೆ ಆ ದಿನ ಕ್ಯಾಮರಾ ಹಿಡಿದವರು ಯಾರೆಂದು ಬಲ್ಲ ಹಿರಿಯ ಸದಸ್ಯರನ್ನು ಕೇಳಿ ಬರೆದುಕೊಳ್ಳಬೇಕು. ಈ ಕೆಲಸ ಬೇಗ ಆಗಬೇಕಾಗಿದೆ. ಬಲ್ಲವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.