ಅಳುವವರ ಪಕ್ಕ ಕೂರುವವರು ಯಾರು?

(ಜಮಖಂಡಿಯ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ಷರ್ಲಾಕ್ ಹೋಮ್ಸ್ ಎಂಬ ಪತ್ತೇದಾರನ ಕಥೆಗಳನ್ನು ನಿಮ್ಮಲ್ಲಿ ಹಲವರು ಓದಿದ್ದೀರಿ. ಸಾಕ್ಷಿಯಿಲ್ಲದೆ ಯಾವುದನ್ನೂ ಒಪ್ಪದವನು ಅವನು. ಅವನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಎಡಿನ್‌ಬರೋದಲ್ಲಿ ಕಲಿತ ವೈದ್ಯರು. ಅಂಥವರು, ಸತ್ತವರ ಆತ್ಮಗಳು ನಮ್ಮೊಡನೆ ಮಾತನಾಡುತ್ತವೆಂದು ನಂಬಿ 1916ರಲ್ಲಿ ಬಹಿರಂಗವಾಗಿ ಸಾರಿದರು. 1926ರಲ್ಲಿ ಆ ಪಂಥದ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದರು. ಅದೇ 1926ರಲ್ಲಿ ನಮ್ಮ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ‘ಶಿವಾನುಭವ’ ಪತ್ರಿಕೆ ಆರಂಭಿಸಿ ಶರಣರ ಅರಿವನ್ನು ಮನೆಮನೆಗೆ ಮುಟ್ಟಿಸುತ್ತಿದ್ದರು.

ಡಾಯ್ಲ್ ಅವರನ್ನು ನೋಡಿ ನಗುವುದು ಸುಲಭ. ಆದರೆ ಯುದ್ಧದಲ್ಲಿ ಗಾಯಗೊಂಡಿದ್ದ ಅವರ ಮಗ ಕಿಂಗ್ಸ್ಲಿ 1918ರ ಅಕ್ಟೋಬರ್‌ನಲ್ಲಿ, ಇನ್‌ಫ್ಲುಯೆಂಜಾ ಹಾವಳಿಯ ಕಾಲದಲ್ಲಿ ತೀರಿಕೊಂಡ. ನಾಲ್ಕು ತಿಂಗಳಲ್ಲಿ ತಮ್ಮನೂ ಹೋದ. ನಂಬಿಕೆ ಮೊದಲೇ ಇತ್ತು. ದುಃಖ ಅದನ್ನು ಗಟ್ಟಿ ಮಾಡಿತು.

ಅವರ ಗೆಳೆಯ, ಜಾದೂಗಾರ ಹೂಡಿನಿ. ಆತನೂ ತಾಯಿಯನ್ನು ಕಳೆದುಕೊಂಡು ಕೊರಗುತ್ತಿದ್ದವನೇ. 1922ರಲ್ಲಿ ಡಾಯ್ಲ್ ಅವರ ಪತ್ನಿ, ಹೂಡಿನಿಯ ತಾಯಿಯೇ ಬರೆಸುತ್ತಿದ್ದಾಳೆಂದು ಪುಟಗಟ್ಟಲೆ ಬರೆದುಕೊಟ್ಟರು. ಮೇಲೆ ಶಿಲುಬೆಯ ಗುರುತು, ಕೆಳಗೆ ಇಂಗ್ಲಿಷ್. ಹೂಡಿನಿ ಹೇಳಿದ: ನನ್ನ ತಾಯಿ ಯಹೂದಿ, ಆಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಡಾಯ್ಲ್ ಅದಕ್ಕೂ ಸಮಜಾಯಿಷಿ ಕೊಟ್ಟರು. ಗೆಳೆತನ ಮುರಿಯಿತು. ಇಬ್ಬರ ದುಃಖವೂ ಒಂದೇ. ಒಬ್ಬ ಮಾತ್ರ ಪರೀಕ್ಷಿಸಿದ.

ಇದು ವಿಲಾಯತಿಯ ಕಥೆಯಷ್ಟೇ ಅಲ್ಲ. ನನ್ನ ತಮ್ಮ ತೀರಿಕೊಂಡಾಗ ಅವ್ವ ಒಬ್ಬ ‘ಆತ್ಮ ಕರೆಸುವವನ’ ಹತ್ತಿರ ಹೋಗತೊಡಗಿದಳು. “ನೀರು ಕೇಳಾಕತ್ತಾನಂತ” ಎಂದು ಅಳುತ್ತಿದ್ದಳು. ಅಮಾವಾಸ್ಯೆಗೊಮ್ಮೆ ಹಣ. ಕಾಂಕ್ರೀಟ್ ಪರೀಕ್ಷೆಯಾಗದೆ ಬಿಲ್ಲಿಗೆ ಸಹಿ ಹಾಕದ ನಾನು ಮನೆಯಲ್ಲಿ ಎರಡು ವರ್ಷ ಬಾಯಿ ಬಿಡಲಿಲ್ಲ. ಕೊನೆಗೆ ಹೇಳಿದೆ: “ಅವ್ವಾ, ಅಂವ ನಿನ್ನ ಏನಂತ ಕರೀತಿದ್ದ, ಅಷ್ಟ ಕೇಳಿಕೊಂಡ ಬಾ.” ಉತ್ತರ ಬಂತು: “ಅವ್ವ.” ಕೂಡುಮನೆಯಲ್ಲಿ ಕಾಕಾಗಳು ಕರೆದದ್ದನ್ನು ಕೇಳಿ ಬೆಳೆದ ತಮ್ಮ, ಸಾಯುವವರೆಗೂ ಅವಳನ್ನು “ವೈನಿ” ಎಂದೇ ಕರೆದವನು.

ಅವ್ವ ಮತ್ತೆ ಅಲ್ಲಿಗೆ ಹೋಗಲಿಲ್ಲ. ಆದರೆ ಆ ರಾತ್ರಿ ಮೊದಲಿಗಿಂತ ಹೆಚ್ಚು ಅತ್ತಳು. ನಾನು ಪಕ್ಕದಲ್ಲಿ ಕುಳಿತಿದ್ದೆ, ಎರಡು ವರ್ಷದಲ್ಲಿ ಅದೇ ಮೊದಲ ಸಲ. ಆಗ ತಿಳಿಯಿತು: ಆ ಮನುಷ್ಯ ಕುಳಿತಿದ್ದದ್ದು ನಾನು ಖಾಲಿ ಬಿಟ್ಟ ಜಾಗದಲ್ಲಿ.

ಲಿಂಗೈಕ್ಯರಾದವರು ನೀರಿಗಾಗಿ ಅಲೆಯುವುದಿಲ್ಲ. ಬಯಲಲ್ಲಿ ಬಯಲಾದವರಿಗೆ ಪಿಂಡವಿಲ್ಲ, ಪ್ರೇತವಿಲ್ಲ. ಇದನ್ನು ವೇದಿಕೆಯ ಮೇಲೆ ಹೇಳುತ್ತೇವೆ. ಕ್ರಿಯಾಸಮಾಧಿ ಮುಗಿಸಿ ಕೈತೊಳೆದುಕೊಂಡು ಮನೆಗೆ ಹೋಗುತ್ತೇವೆ. ಅಳುವವರು ಒಂಟಿಯಾಗಿ ಉಳಿಯುತ್ತಾರೆ. ಬರೀ ಮೌಢ್ಯವನ್ನು ಬೈದರೆ ಪ್ರಯೋಜನವಿಲ್ಲ.

ಅದಕ್ಕೇ ಒಂದು ವಿನಂತಿ. ನಮ್ಮೂರುಗಳಲ್ಲಿ ಸಾವಾದ ಮನೆಗೆ ಮೊದಲ ತಿಂಗಳು ವಾರಕ್ಕೊಮ್ಮೆಯಾದರೂ ಗೋಷ್ಠಿಯ ಇಬ್ಬರು ಹೋಗಲಿ. ವಚನ ಓದಲಿ, ತೀರಿಕೊಂಡವರ ಹೆಸರು ಹಿಡಿದು ಮಾತಾಡಲಿ, ಸುಮ್ಮನೆ ಕೂಡಲಿ. ಸತ್ತವರನ್ನು ಮಾತಾಡಿಸಲು ನಮ್ಮಿಂದಾಗದು, ಇದ್ದವರನ್ನು ಮಾತಾಡಿಸಬಹುದಲ್ಲವೇ?