ವಿಶ್ವವಿದ್ಯಾಲಯ ಬಂತು, ನೆರೆಕರೆಗೆ ಏನು ಬಂತು?

(ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ನಿಮ್ಮ ಮನೆಯ ಹತ್ತಿರ ಒಂದು ದೊಡ್ಡ ವಿಶ್ವವಿದ್ಯಾಲಯ ಬಂತು ಅಂತ ಇಟ್ಟುಕೊಳ್ಳಿ. ರಸ್ತೆ ಅಗಲವಾಗುತ್ತದೆ. ಬಸ್ಸು ಬರುತ್ತದೆ. ಹೋಟೆಲು, ಜೆರಾಕ್ಸ್ ಅಂಗಡಿ ಏಳುತ್ತವೆ. ಒಳ್ಳೆಯದೇ ಅಲ್ವಾ? ಆದರೆ ಮೊದಲಿನಿಂದ ಅಲ್ಲೇ ಇದ್ದವರ ಗತಿ ಏನು? ಇದನ್ನು ತಿಳಿಯಲು ದೂರದ ಒಂದು ಊರಿನ ಸಂಗತಿ ಹೇಳುತ್ತೇನೆ, ಕೇಳಿ.

ಅಮೆರಿಕದಲ್ಲಿ ಫಿಲಡೆಲ್ಫಿಯಾ ಎಂಬ ನಗರವಿದೆ. ಅದರ ಪಶ್ಚಿಮ ಭಾಗಕ್ಕೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 1872ರಲ್ಲಿ ಬಂತು. ಅದರ ಪಕ್ಕದಲ್ಲಿ 'ಬ್ಲ್ಯಾಕ್ ಬಾಟಮ್' ಎಂಬ ಕೇರಿ ಇತ್ತು. ಅಲ್ಲಿದ್ದವರು ಹೆಚ್ಚಾಗಿ ಕಪ್ಪು ಜನ. 1960ರ ದಶಕದಲ್ಲಿ 'ನಗರ ನವೀಕರಣ' ಎಂದು ಹೇಳಿ ಆ ಕೇರಿಯನ್ನೇ ಕೆಡವಿದರು. ಸಾವಿರಾರು ಮಂದಿ ಮನೆ ಬಿಟ್ಟು ಹೋಗಬೇಕಾಯಿತು. 1969ರಲ್ಲಿ ಅಲ್ಲಿನ ವಿದ್ಯಾರ್ಥಿಗಳೇ ಇದಕ್ಕೆ ವಿರೋಧವಾಗಿ ಧರಣಿ ಕೂತರು. ಆದರೂ ಊರಿನವರ ನಂಬಿಕೆ ಮುರಿದು ಹೋಗಿತ್ತು.

1990ರ ದಶಕಕ್ಕೆ ಆ ಸುತ್ತಿನಲ್ಲಿ ಮನೆಗಳು ಖಾಲಿ ಬಿದ್ದವು. ಕಳವು, ಕೊಲೆ ಹೆಚ್ಚಾದವು. ಆಗ ಜುಡಿತ್ ರೋಡಿನ್ ಎಂಬ ಮಹಿಳೆ ವಿಶ್ವವಿದ್ಯಾಲಯದ ಅಧ್ಯಕ್ಷರು (1994-2004). ಗೋಡೆ ಎತ್ತರಿಸಿದರೆ ಸಾಲದು, ನೆರೆಕರೆ ಚೆನ್ನಾಗಿದ್ದರೆ ಮಾತ್ರ ನಾವೂ ಚೆನ್ನಾಗಿರುತ್ತೇವೆ ಎಂಬ ದಾರಿ ಹಿಡಿದರು. ಐದು ಕೆಲಸ ಒಟ್ಟಿಗೇ ನಡೆಯಿತು. ಬೀದಿಗೆ ದೀಪ, ಕಾವಲು, ಶುಚಿತ್ವ. ಅಲ್ಲೇ ಮನೆ ಕೊಳ್ಳುವ ನೌಕರರಿಗೆ ನೆರವು. ಹೊಸ ಅಂಗಡಿಗಳು. ಬೇಕಾದ ಸಾಮಾನನ್ನು ಹತ್ತಿರದವರಿಂದಲೇ ಖರೀದಿಸುವುದು. ಐದನೆಯದು, 2001ರಲ್ಲಿ ತೆರೆದ ಸರಕಾರಿ ಶಾಲೆ. ಅದಕ್ಕೆ ವಿಶ್ವವಿದ್ಯಾಲಯ ಹಣ ಕೊಟ್ಟಿತು.

ಫಲ ಸಿಕ್ಕಿತು. ಬೀದಿಗೆ ಜೀವ ಬಂತು. ಅಪರಾಧ ಇಳಿಯಿತು. ಆದರೆ ನೋಡಿ, ಶಾಲೆ ಒಳ್ಳೆಯದಾದ ಕೂಡಲೇ ಅದರ ಎಲ್ಲೆಯೊಳಗಿನ ಮನೆಗಳ ಬೆಲೆ ಏರಿತು. 2013ರ ಜನವರಿಯಲ್ಲಿ ಮಕ್ಕಳನ್ನು ಸೇರಿಸಲು ತಂದೆ ತಾಯಂದಿರು ಚಳಿಯಲ್ಲಿ ದಿನಗಟ್ಟಲೆ ಮೊದಲೇ ಸಾಲು ನಿಂತರು. ಕೊನೆಗೆ ಚೀಟಿ ಎತ್ತುವ ಕ್ರಮ ತರಬೇಕಾಯಿತು. ಬಾಡಿಗೆ ಏರಿದಾಗ ಬಡವರು ಎಲ್ಲಿಗೆ ಹೋಗಬೇಕು? ಮೊದಲು ಯಂತ್ರ ಬಂದು ಮನೆ ಕೆಡವಿತು. ಈಗ ಬಾಡಿಗೆ ಬಂದು ಮನೆ ಬಿಡಿಸುತ್ತದೆ. ಎರಡೂ ಒಂದೇ ಅಲ್ವಾ?

ಈಗ ನಮ್ಮ ಕಡೆಗೆ ಬರೋಣ. 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರ ವಿಶ್ವವಿದ್ಯಾಲಯ ನಮ್ಮ ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿದೆ. ಅದು ಹಳ್ಳಿ, ಫಿಲಡೆಲ್ಫಿಯಾ ಮಹಾನಗರ. ಆದರೆ ಕೇಳಬೇಕಾದ ಪ್ರಶ್ನೆ ಒಂದೇ. ಅಲ್ಲಿನ ಕೆಲಸ ಯಾರಿಗೆ? ತರಕಾರಿ, ಹಾಲು ಯಾರಿಂದ? ಬಾಡಿಗೆ ಮನೆಯವರ ಪಾಡೇನು? ಇಂಥ ಪ್ರಶ್ನೆ ಕೇಳುವುದಕ್ಕೆ ಗ್ರಾಮಸಭೆ ಇದೆ. ಅಲ್ಲಿ ಸುಮ್ಮನೆ ಕೂರಬೇಡಿ.

ಅಕ್ಷರ ಕಲಿತದ್ದು ಸಹಿ ಹಾಕಲು ಮಾತ್ರ ಅಲ್ಲ. ಬಾಡಿಗೆ ಕರಾರು, ಜಾಗದ ನೋಟೀಸು ಕೈಗೆ ಬಂದರೆ ಮೊದಲು ಓದಿ. ಅರ್ಥವಾಗದಿದ್ದರೆ ಕೇಳಿ. ಆಮೇಲೆ ಸಹಿ ಹಾಕಿ.

ಊರು ಬೆಳೆಯಲಿ. ಊರಿನವರೂ ಊರಲ್ಲೇ ಉಳಿಯಲಿ.