ಹಬ್ಬದ ಉಡುಗೊರೆಯೂ ಅಡಿಗೆಯ ಮನೆಯೂ
(ಪೆನ್ನಾಗರದಲ್ಲಿ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



  ಇಂತಹ ವೇದಿಕೆಯ ಮೇಲೆ ರಾಜಮನೆತನಗಳ ಚರಿತ್ರೆ, ಕವಿಗಳ ಗುಣಗಾನ, ಗಡಿನಾಡಿನ ಕುಂದುಕೊರತೆ ಇವೇ ಮೊದಲಾದ ಘನವಾದ ವಿಷಯಗಳು ಪ್ರಸ್ತಾಪಕ್ಕೆ ಬರುವುದು ವಾಡಿಕೆ. ನಾವು ಆಯ್ದುಕೊಂಡಿರುವುದು ಅವುಗಳ ಮುಂದೆ ಬಹು ಸಣ್ಣದಾಗಿ ತೋರುವ ವಿಷಯ. ಹಬ್ಬದ ದಿನ ಮಗುವಿನ ಕೈಗೆ ಏನನ್ನು ಕೊಡಬೇಕು, ಉಳಿದ ದಿನಗಳಲ್ಲಿ ಅಡಿಗೆಯ ಮನೆಯಲ್ಲಿ ಅದನ್ನು ಹೇಗೆ ಜೊತೆಗೆ ಕೂರಿಸಿಕೊಳ್ಳಬೇಕು ಎಂಬುದಷ್ಟೇ ನಮ್ಮ ಮಾತು. ಆದರೆ ವಿಷಯವು ಸಣ್ಣದಾದರೂ ಅದರ ಫಲವು ಸಣ್ಣದಲ್ಲವೆಂಬುದನ್ನು ತಮ್ಮ ಅವಗಾಹನೆಗೆ ತರಲು ಯತ್ನಿಸುತ್ತೇವೆ.

ನಮ್ಮ ಈ ಸೀಮೆಯು ಬಾರಾಮಹಲಿನ ಭಾಗವಾಗಿ ಮೈಸೂರಿನ ಆಳ್ವಿಕೆಗೆ ಒಳಪಟ್ಟಿದ್ದು, 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಇಂಗ್ಲಿಷರ ಕೈಸೇರಿತು. ಸೇಲಂ ಜಿಲ್ಲೆಯಲ್ಲಿ ಬಹುಕಾಲ ಇದ್ದು, 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು. ಎಲ್ಲೆಗಳು ಹೀಗೆ ಎಷ್ಟೋ ಬಾರಿ ಬದಲಾದುವು. ಆದರೆ ರಾಗಿಯ ಹೊಲ ಬದಲಾಗಲಿಲ್ಲ. ಒಲೆಯ ಮುಂದೆ ಕುಳಿತು ಮೊಮ್ಮಗನನ್ನು ‘ಬಾ ಮಗಾ, ಉಣ್ಣು’ ಎಂದು ಕರೆಯುವ ಅಜ್ಜಿಯ ನುಡಿಯೂ ಬದಲಾಗಲಿಲ್ಲ. ಅದನ್ನು ಉಳಿಸಿದ್ದು ಯಾವ ಸರ್ಕಾರದ ಆಜ್ಞೆಯೂ ಅಲ್ಲ, ಮನೆಯ ಬಳಕೆ.

ಇಂದು ನಮ್ಮ ಮಗುವು ಬೀದಿಯಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಕೇಳುವುದು ತಮಿಳನ್ನು. 2006ರ ಕಾಯಿದೆಯ ಬಳಿಕ ಶಾಲೆಯಲ್ಲಿಯೂ ತಮಿಳು ಕಡ್ಡಾಯವಾಯಿತು. ಈ ನೆಲದ ನುಡಿಯನ್ನು ಮಕ್ಕಳು ಚೆನ್ನಾಗಿ ಕಲಿಯಲಿ. ಅದರಲ್ಲಿ ನಮಗೆ ಕಿಂಚಿತ್ತೂ ಅಸಮಾಧಾನವಿಲ್ಲ. ನೆರೆಹೊರೆಯವರ ಸುಖದುಃಖಗಳಲ್ಲಿ ಬೆರೆತು ಬಾಳುವವರಿಗೆ ಎರಡು ನುಡಿಗಳು ಎರಡು ಕಣ್ಣುಗಳಿದ್ದಂತೆ. ನಮ್ಮ ಚಿಂತೆ ಬೇರೆ. ಅಜ್ಜಿಯು ಕನ್ನಡದಲ್ಲಿ ಕೇಳುತ್ತಾಳೆ, ಮೊಮ್ಮಗು ತಮಿಳಿನಲ್ಲಿ ಉತ್ತರ ಕೊಡುತ್ತದೆ. ಇನ್ನೊಂದು ತಲೆಮಾರು ಕಳೆದರೆ ಅಜ್ಜಿಯ ಪ್ರಶ್ನೆಯೇ ಮೊಮ್ಮಗುವಿಗೆ ತಿಳಿಯದಂತಾದೀತು. ಆಗ ಕಳೆದುಹೋಗುವುದು ಬರಿಯ ಭಾಷೆಯಲ್ಲ. ಒಂದೇ ಸೂರಿನ ಕೆಳಗಿರುವ ಇಬ್ಬರ ಸಂಬಂಧವೇ ಕಳೆದುಹೋಗುತ್ತದೆ. ಇದನ್ನು ತಡೆಯುವ ಶಕ್ತಿ ಯಾರಲ್ಲಿದೆ? ಹಬ್ಬದ ದಿನ ಮಗುವಿನ ಜೊತೆಗಿರುವ ತಂದೆಯಲ್ಲಿದೆ, ನಿತ್ಯವೂ ಅಡಿಗೆ ಮಾಡುವ ತಾಯಿಯಲ್ಲಿದೆ ಎಂಬುದೇ ನಮ್ಮ ಅಭಿಪ್ರಾಯ.

ಮೊದಲು ಹಬ್ಬದ ಮಾತು. ಗಡಿನಾಡಿನ ಮಕ್ಕಳು ಭಾಗ್ಯಶಾಲಿಗಳು. ಅವರಿಗೆ ವರ್ಷಕ್ಕೆ ಎರಡು ಹೊಸ ವರ್ಷಗಳು. ಯುಗಾದಿಗೆ ನಮ್ಮ ಮನೆಯಲ್ಲಿ ಬೇವುಬೆಲ್ಲ, ಚಿತ್ತಿರೈ ಮೊದಲ ದಿನ ನೆರೆಮನೆಯಲ್ಲಿ ಹಬ್ಬ. ಮಕರ ಸಂಕ್ರಾಂತಿಯಂದು ಅವರ ಅಂಗಳದಲ್ಲಿ ಪೊಂಗಲಿನ ಮಡಕೆಯು ಉಕ್ಕಿದರೆ, ರೂಢಿಯಿರುವ ನಮ್ಮ ಮನೆಗಳಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆಗಳು ಒಂದೇ ಬಟ್ಟಲಿನಲ್ಲಿ ಸೇರುತ್ತವೆ. ಹೊಸ ಲಂಗ ತೊಟ್ಟ ಹುಡುಗಿಯು ಸಕ್ಕರೆ ಅಚ್ಚು, ಕಬ್ಬಿನ ತುಂಡುಗಳೊಡನೆ ಮನೆಮನೆಗೆ ಹೋಗಿ ಎಳ್ಳು ಬೀರಿ ಬರುತ್ತಾಳೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬೇರೆ ಉಡುಗೊರೆಗಳಲ್ಲಿ ದೊಡ್ಡವರು ಕೊಡುತ್ತಾರೆ, ಮಗುವು ತೆಗೆದುಕೊಳ್ಳುತ್ತದೆ. ಎಳ್ಳು ಬೀರುವಲ್ಲಿ ಮಗುವೇ ಕೊಡುವ ಕೈಯಾಗುತ್ತದೆ. ತಟ್ಟೆಯನ್ನು ಹಿಡಿದು ನೆರೆಮನೆಯ ಬಾಗಿಲಲ್ಲಿ ನಿಂತು, ಹಿರಿಯರಿಗೆ ತಕ್ಕ ಮಾತನಾಡಿ, ಅವರು ಕೊಟ್ಟ ಪೊಂಗಲನ್ನು ಮನೆಗೆ ತರುವುದರಲ್ಲಿ ಎಷ್ಟೊಂದು ಶಿಕ್ಷಣ ಅಡಗಿದೆ! ಈ ಪದ್ಧತಿಯನ್ನು ದಯವಿಟ್ಟು ಬಿಡಬೇಡಿ. ಗಂಡುಮಕ್ಕಳನ್ನೂ ಜೊತೆಗೆ ಕಳುಹಿಸಿಕೊಡಿ.

ಕೊಡುಗೆಯ ಮಾತು ಬಂದಾಗ ನಮ್ಮ ನೆಲದ್ದೇ ಆದ ಒಂದು ಕಥೆಯುಂಟು. ಇಂದಿನ ಧರ್ಮಪುರಿಯು ಪ್ರಾಚೀನ ಕಾಲದಲ್ಲಿ ತಗಡೂರು ಎನಿಸಿಕೊಂಡಿತ್ತು. ಅಲ್ಲಿಯ ಅರಸನಾದ ಅದಿಯಮಾನನಿಗೆ, ತಿಂದವರಿಗೆ ದೀರ್ಘಾಯುಷ್ಯವನ್ನು ಕೊಡುವ ದುರ್ಲಭವಾದ ಒಂದು ನೆಲ್ಲಿಯ ಹಣ್ಣು ದೊರಕಿತಂತೆ. ಆತನು ಅದನ್ನು ತಾನು ತಿನ್ನದೆ ಕವಯಿತ್ರಿ ಔವೈಯಾರಳಿಗೆ ಕೊಟ್ಟನೆಂದು ತಮಿಳಿನ ಹಳೆಯ ಕಾವ್ಯಗಳು ಕೊಂಡಾಡುತ್ತವೆ. ಹಣ್ಣು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಆದರೆ ಕೊಟ್ಟವನು ತನಗೆ ಬೇಕಾದುದನ್ನೇ ಕೊಟ್ಟನಾದುದರಿಂದ ಅದು ಇಂದಿಗೂ ಜನರ ನೆನಪಿನಲ್ಲಿದೆ. ಈ ಕಥೆಯನ್ನು ಕನ್ನಡದ ತಾಯಿಯು ಕನ್ನಡದಲ್ಲಿ ತನ್ನ ಮಗುವಿಗೆ ಹೇಳಲಿ. ನೆರೆಯವರ ಸಂಪತ್ತು ನಮ್ಮದೂ ಆಗುವ ಬಗೆ ಇದೇ.

ಇನ್ನು ನಮ್ಮ ಉಡುಗೊರೆಗಳನ್ನು ನೋಡೋಣ. ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಕಡೆಯ ಎಷ್ಟೋ ಮಂದಿ ಬೆಂಗಳೂರಿಗೂ ತಿರುಪ್ಪೂರಿಗೂ ಕೂಲಿ ಅರಸಿ ಹೋಗುತ್ತಾರೆ. ತಿಂಗಳುಗಟ್ಟಲೆ ಮಕ್ಕಳ ಮುಖ ಕಾಣದ ತಂದೆಯು ದೀಪಾವಳಿಗೆ ಬರುವಾಗ ಸಾಲ ಮಾಡಿಯಾದರೂ ಬೆಲೆಬಾಳುವ ಆಟದ ಸಾಮಾನನ್ನು ತರುತ್ತಾನೆ. ಅವನ ಪ್ರೀತಿಯನ್ನು ಯಾರೂ ಆಕ್ಷೇಪಿಸಲಾರರು. ಆದರೆ ಆ ಸಾಮಾನು ಎಂಟು ದಿನಗಳಲ್ಲಿ ಮೂಲೆ ಸೇರುತ್ತದೆ, ಸಾಲವು ಎಂಟು ತಿಂಗಳು ಉಳಿಯುತ್ತದೆ. ಕೆಲವರು ಮೊಬೈಲನ್ನೇ ಮಗುವಿನ ಕೈಗೆ ಕೊಟ್ಟು ಪಕ್ಕದಲ್ಲಿ ಮಲಗಿಬಿಡುತ್ತಾರೆ. ದುಡಿದು ದಣಿದ ದೇಹಕ್ಕೆ ವಿಶ್ರಾಂತಿ ಬೇಕು, ನಿಜ. ಆದರೂ ಮಗುವು ವರ್ಷವೆಲ್ಲಾ ಕಾದದ್ದು ಆ ಪೆಟ್ಟಿಗೆಗಾಗಿ ಅಲ್ಲ, ತಂದೆಗಾಗಿ. ಹಬ್ಬದ ಎರಡು ದಿನಗಳಲ್ಲಿ ಎರಡು ಗಂಟೆಯಾದರೂ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲದ ಬದುವಿನ ಮೇಲೆ ನಡೆದು, ಕಂಡ ಗಿಡ, ಹಕ್ಕಿ, ಕಲ್ಲುಗಳ ಹೆಸರನ್ನು ಹೇಳುತ್ತಾ ಬಂದರೆ ಅದಕ್ಕಿಂತ ಮಿಗಿಲಾದ ಉಡುಗೊರೆಯಿಲ್ಲ.

ಕೈಗೊಂದು ವಸ್ತುವೂ ಬೇಕೆನ್ನುವವರಿಗೆ ಎರಡು ಸೂಚನೆಗಳು. ಮೊದಲನೆಯದು, ಚನ್ನಪಟ್ಟಣದ ಮರದ ಬೊಂಬೆ. ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಆ ಬುಗುರಿ, ಗಾಡಿಗಳು ಬಹುಕಾಲ ಬಾಳುತ್ತವೆ. ಅಣ್ಣನು ಆಡಿದ್ದನ್ನು ತಮ್ಮನೂ ಆಡಬಹುದು. ಎರಡನೆಯದು, ಕನ್ನಡದ ಒಂದು ಪುಸ್ತಕ. ಪಂಜೆ ಮಂಗೇಶರಾಯರ ಕಥೆಗಳು, ರಾಜರತ್ನಂ ಅವರ ಶಿಶುಗೀತೆಗಳು, ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇವು ಮೂರಿದ್ದರೆ ಮನೆಗೆ ಒಂದು ಪುಟ್ಟ ಭಂಡಾರವಿದ್ದಂತೆ. 1949ರಿಂದ ದಶಕಗಳ ಕಾಲ ಮದರಾಸಿನಿಂದಲೇ ಕನ್ನಡದಲ್ಲಿಯೂ ಹೊರಟ ‘ಚಂದಮಾಮ’ ಈಗ ನಿಂತುಹೋಗಿದೆ. ಹಳೆಯ ಸಂಚಿಕೆಗಳು ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಗೆದ್ದಲಿಗೆ ಬಿಡದೆ ಮಕ್ಕಳ ಕೈಗೆ ಕೊಡಿ. ಮಗುವಿಗೆ ಅಕ್ಷರ ಬಾರದಿದ್ದರೆ ಓದಿ ಹೇಳಿ. ಓದಿ ಹೇಳುವವರಿಲ್ಲದ ಪುಸ್ತಕವು ಬೀಗ ಹಾಕಿದ ಪೆಟ್ಟಿಗೆಯಂತೆ.

ಹಬ್ಬಗಳು ವರ್ಷಕ್ಕೆ ಹತ್ತು ಬಾರಿ. ಅಡಿಗೆಯಾದರೋ ದಿನಕ್ಕೆ ಎರಡು ಬಾರಿ. ಆದುದರಿಂದ ಅಡಿಗೆಯ ಮನೆಯೇ ಮಗುವಿನ ದೊಡ್ಡ ಪಾಠಶಾಲೆ. ನಮ್ಮ ಒಲೆಯ ಅಧಿದೇವತೆ ರಾಗಿ. ಇಟ್ಟ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತದೆಂಬುದು ರೈತರಿಗೆಲ್ಲ ಗೊತ್ತು. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯ ಹುರುಳು ಇದೇ ಅಲ್ಲವೆ? ತಾನು ಹೆಚ್ಚೆಂದು ನೆಲ್ಲು, ತಾನು ಹೆಚ್ಚೆಂದು ರಾಗಿ ಜಗಳವಾಡಿದುವು. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟನು. ಹೊರಗೆ ತೆಗೆದಾಗ ನೆಲ್ಲು ಸೊರಗಿತ್ತು, ರಾಗಿ ಗಟ್ಟಿಯಾಗಿತ್ತು. ರಾಘವನ ಹೆಸರೇ ಅದಕ್ಕೆ ಬಿರುದಾಯಿತು. ಬಡವರ ಅನ್ನವನ್ನು ಹೀಗೆ ಎತ್ತಿಹಿಡಿದ ಕಥೆಯನ್ನು ಮುದ್ದೆಯನ್ನು ತೊಳಸುವಾಗ ಹೇಳಿದರೆ, ಅನ್ನವೇ ಬೇಕೆಂದು ಹಟಮಾಡುವ ಮಗುವೂ ತಟ್ಟೆಯನ್ನು ಮುಂದಕ್ಕೆ ನೂಕೀತು.

ಕಥೆಗೆ ಶಾಸ್ತ್ರದ ಬೆಂಬಲವೂ ಉಂಟು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ, ಅಕ್ಕಿಯಲ್ಲಿರುವುದು ಅತ್ಯಲ್ಪ. ಬೆಳೆಯುವ ಎಲುಬಿಗೆ, ಹಲ್ಲಿಗೆ ಇದು ಬೇಕು. ಆರು ತಿಂಗಳು ತುಂಬಿದ ಕೂಸಿಗೆ ತಾಯಿಯ ಹಾಲಿನ ಜೊತೆಗೆ, ರಾಗಿಯನ್ನು ಮೊಳಕೆ ಕಟ್ಟಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿದ ಹಿಟ್ಟಿನ ಸರಿಯನ್ನು ಕೊಡುವುದು ನಮ್ಮ ಅಜ್ಜಿಯರ ಪದ್ಧತಿ. ಮೊಳಕೆ ಬಂದ ಹಿಟ್ಟು ಬೇಯಿಸಿದಾಗ ಬಹಳ ಗಟ್ಟಿಯಾಗದು. ಆದುದರಿಂದ ಕಡಿಮೆ ನೀರಿನಲ್ಲಿ ಹೆಚ್ಚು ಸತ್ತ್ವವು ಕೂಸಿನ ಹೊಟ್ಟೆಗೆ ಸೇರುತ್ತದೆ. ಸಂಯುಕ್ತ ರಾಷ್ಟ್ರಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಅದೇ ವರ್ಷ ತಮಿಳುನಾಡು ಸರ್ಕಾರವು ನಮ್ಮ ಧರ್ಮಪುರಿ ಮತ್ತು ನೀಲಗಿರಿ ಜಿಲ್ಲೆಗಳಲ್ಲಿ ಪಡಿತರದ ಅಕ್ಕಿಯಲ್ಲಿ ಒಂದಂಶಕ್ಕೆ ಬದಲಾಗಿ 2 ಕಿಲೋ ರಾಗಿಯನ್ನು ಕೊಡುವ ಏರ್ಪಾಡನ್ನು ಆರಂಭಿಸಿತು. ಲೋಕವು ಇಂದು ಹುಡುಕಿಕೊಂಡು ಬರುತ್ತಿರುವುದು ನಮ್ಮ ಒಲೆಯ ಮೇಲೆ ಎಂದಿನಿಂದಲೋ ಬೇಯುತ್ತಿದೆ!

ಮಗುವಿಗೆ ವಯಸ್ಸಿಗೆ ತಕ್ಕ ಕೆಲಸವನ್ನು ಕೊಡಬೇಕು. ಮೂರು ವರ್ಷದ ಮಗುವು ಮಾಗಿಯ ಕಾಲದಲ್ಲಿ ಅವರೆಕಾಯಿ ಬಿಡಿಸಬಲ್ಲದು. ಕಾಳೆಣಿಸುತ್ತಾ ಲೆಕ್ಕವನ್ನೂ ಕಲಿತೀತು. ಐದು ವರ್ಷದ್ದು ಸೊಪ್ಪು ಸೋಸಿ, ಹುರುಳಿಯಲ್ಲಿ ಕಲ್ಲು ಆರಿಸಬಲ್ಲದು. ಎಂಟು ವರ್ಷವಾದರೆ ನೀರಿನ ಅಳತೆ, ಉಪ್ಪಿನ ಹದ ತಿಳಿಯುತ್ತದೆ. ಕುದಿಯುವ ಎಸರು, ಮುದ್ದೆಯ ಕೋಲು ಇವು ಮಾತ್ರ ದೊಡ್ಡವರ ಕೈಯಲ್ಲಿರಲಿ. ಸಣ್ಣ ಮಕ್ಕಳು ಒಲೆಯಿಂದ ಮಾರುದೂರ ಕುಳಿತಿರಲಿ. ಹಿಟ್ಟು ಆರಿದ ಮೇಲೆ ಒದ್ದೆ ಕೈಯಿಂದ ತನ್ನ ಪುಟ್ಟ ಮುದ್ದೆಯನ್ನು ತಾನೇ ಕಟ್ಟಿಕೊಳ್ಳುವ ಸಂತೋಷವನ್ನು ಮಗುವಿಗೆ ಬಿಟ್ಟುಕೊಡಿ. ಅದು ಸೊಟ್ಟಗಿದ್ದರೂ ನಗಬೇಡಿ.

ಕೆಲಸದ ನಡುವೆ ಒಂದು ಆಟವನ್ನೂ ಆಡಬಹುದು. ತಮಿಳಿನ ‘ಪಾಲ್’ ನಮ್ಮ ‘ಹಾಲು’; ಅವರ ‘ಪುಳಿ’ ನಮ್ಮ ‘ಹುಳಿ’; ಅವರ ‘ಪೂ’ ನಮ್ಮ ‘ಹೂ’. ಹಳಗನ್ನಡದಲ್ಲಿ ನಮ್ಮವರೂ ‘ಪಾಲ್’, ‘ಪುಳಿ’, ‘ಪೂ’ ಎಂದೇ ಅನ್ನುತ್ತಿದ್ದರು. ಅವರ ‘ವೆಲ್ಲಂ’ ನಮ್ಮ ‘ಬೆಲ್ಲ’, ಅವರ ‘ವೆಂಡೈ’ ನಮ್ಮ ‘ಬೆಂಡೆ’. ‘ಉಪ್ಪು’, ‘ಎಳ್ಳು’ಗಳಿಗೆ ಎರಡು ಮನೆಗಳಲ್ಲಿಯೂ ಒಂದೇ ಹೆಸರು. ಆಡಿ ತಿಂಗಳ 18ರಂದು ಕಾವೇರಿಯ ಸ್ನಾನಕ್ಕೆ ಹೋದಾಗ ಆಟವನ್ನು ಮುಂದುವರಿಸಿ. ತಮಿಳಿನಲ್ಲಿ ‘ಪುಗೈ’ ಎನ್ನುವುದನ್ನು ನಾವು ‘ಹೊಗೆ’ ಎನ್ನುತ್ತೇವೆ; ನೀರು ಧುಮುಕಿ ಹೊಗೆಯೇಳುವ ಕಲ್ಲೇ ‘ಹೊಗೇನಕಲ್’. ತಮಿಳರೂ ಕನ್ನಡಿಗರೂ ನಿತ್ಯ ಉಚ್ಚರಿಸುವ ಈ ಹೆಸರು ಕನ್ನಡದ್ದೆಂದು ಮಗುವು ತಾನೇ ಕಂಡುಕೊಂಡಾಗ ಅದರ ಕಣ್ಣಿನಲ್ಲಿ ಮಿಂಚುವ ಬೆಳಕನ್ನು ಯಾವ ಪಠ್ಯಪುಸ್ತಕವೂ ತರಲಾರದು. ಎರಡು ನುಡಿಗಳೂ ಒಂದೇ ತಾಯಿಯ ಮಕ್ಕಳೆಂಬ ಅರಿವು ಮೂಡಿದಲ್ಲಿ ದ್ವೇಷಕ್ಕೂ ಎಡೆಯಿಲ್ಲ, ನಾಚಿಕೆಗೂ ಎಡೆಯಿಲ್ಲ.

ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವಿರಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು ಹೇಳುತ್ತದೆ. ಅದಕ್ಕಾಗಿ ಸಂಘವು ನಡೆಸುವ ಪ್ರಯತ್ನಗಳು ನಡೆಯುತ್ತಿರಲಿ. ಆದರೆ ಮಗುವು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಐದು ವರ್ಷಗಳನ್ನು ನಮ್ಮ ಮಡಿಲಲ್ಲಿ ಕಳೆದಿರುತ್ತದೆ. ಆ ಐದು ವರ್ಷಗಳಿಗೆ ಅರ್ಜಿ ಬೇಡ, ಅಪ್ಪಣೆ ಬೇಡ. ಊಟಕ್ಕೆ ಕುಳಿತಾಗ ಮಗುವಿನೊಡನೆ ಕನ್ನಡದಲ್ಲಿ ಮಾತನಾಡಿ. ಹಬ್ಬಕ್ಕೊಂದು ಪುಸ್ತಕವನ್ನು ಕೊಟ್ಟು, ಅದನ್ನು ಓದಿ ಹೇಳಿ. ವಾರಕ್ಕೊಮ್ಮೆಯಾದರೂ ಮಗುವನ್ನು ಅಡಿಗೆಯ ಕೆಲಸಕ್ಕೆ ಸೇರಿಸಿಕೊಳ್ಳಿ. ನಮ್ಮ ಪ್ರಾರ್ಥನೆ ಇಷ್ಟೇ.